ಕಾಗದದಲ್ಲಿ ಅರವತ್ತು ಇಂಗಾಲದ ಚೆಂಡು ಮಾಡುವುದು

ಮೊದಲ ಸಲ ಈ ಚೆಂಡು ಮಾಡಲು ಕೂತಾಗ 20 ಷಡ್ಭುಜ, 12 ಪಂಚಭುಜ ಎಲ್ಲವನ್ನೂ ಕತ್ತರಿಸಿಕೊಂಡಿದ್ದೆ. ಫುಲ್ಲರೀನ್ ಅಂದರೆ ಬರೀ ಇಂಗಾಲದ ಪರಮಾಣುಗಳಿಂದಾದ ಪೊಳ್ಳು ಅಣು, ಅದರ ಚಿತ್ರ ಹಾಗೇ ಇರುತ್ತದೆ ಅಲ್ವಾ? ಮೂಲೆಗೊಂದರಂತೆ ಅರವತ್ತು ಇಂಗಾಲದ ಪರಮಾಣು, ಫುಟ್‌ಬಾಲಿನ ಹಾಗೆ. ಆದರೆ ಪಂಚಭುಜದ 108 ಡಿಗ್ರಿ ಮೂಲೆ ನನ್ನ ಕೈಗೆ ಒಗ್ಗಲೇ ಇಲ್ಲ. ಒಂದೊಂದೂ ಒಂದೊಂದು ಥರ. ಕೊನೆಗೆ ಬಾಯಿ ಮುಚ್ಚದ ಸೊಟ್ಟ ಚೆಂಡು ಸಿಕ್ಕಿತು.

ಆಮೇಲೆ ಹೊಳೆಯಿತು, ಪಂಚಭುಜ ಕತ್ತರಿಸುವುದೇ ಬೇಡ. ಷಡ್ಭುಜಗಳನ್ನು ಸರಿಯಾಗಿ ಕೂಡಿಸಿದರೆ ಪಂಚಭುಜಗಳು ತಾವಾಗೇ ತೂತಾಗಿ ಉಳಿಯುತ್ತವೆ. ಚೆಂಡು ಒಳಗೆ ಪೊಳ್ಳು ಅನ್ನುವುದೂ ಕಣ್ಣಿಗೆ ಕಾಣುತ್ತದೆ.

ದಪ್ಪ ಡ್ರಾಯಿಂಗ್ ಶೀಟ್, ಕೈವಾರ, ಕತ್ತರಿ, ಟೇಪ್, ಒಂದು ಕೆಂಪು ಸ್ಕೆಚ್ ಪೆನ್. ಇಷ್ಟು ಸಾಕು.

ಕೈವಾರವನ್ನು 4 ಸೆಂ.ಮೀ. ಅಗಲಿಸಿ ವೃತ್ತ ಎಳೆಯಿರಿ. ಅಗಲ ಬದಲಿಸದೆ ಅದೇ ವೃತ್ತದ ಮೇಲೆ ಸುತ್ತ ಗುರುತು ಹಾಕುತ್ತಾ ಹೋಗಿ. ಸರಿಯಾಗಿ ಆರು ಗುರುತು ಬರುತ್ತವೆ. ಅವನ್ನು ಸೇರಿಸಿದರೆ ಷಡ್ಭುಜ. ಒಂದನ್ನು ಅಚ್ಚು ಮಾಡಿಕೊಂಡು 20 ಕತ್ತರಿಸಿ.

ಈಗ ಮುಖ್ಯವಾದ ಕೆಲಸ. ಪ್ರತಿ ತುಂಡಿನಲ್ಲೂ ಒಂದು ಬಿಟ್ಟು ಒಂದರಂತೆ ಮೂರು ಅಂಚಿಗೆ ಕೆಂಪು ಹಚ್ಚಿ. ಕೆಂಪು ಅಂಚು ಕೆಂಪಿಗೇ ಸೇರಬೇಕು, ಬಿಳಿ ಅಂಚಿಗೆ ಟೇಪ್ ಮುಟ್ಟಿಸಬಾರದು. ಇದೊಂದೇ ನಿಯಮ. ಸುಮ್ನೆ ಬಣ್ಣವಲ್ಲ ಇದು. ಈ ಅಣುವಿನಲ್ಲಿ ಎರಡು ಷಡ್ಭುಜ ಕೂಡುವ ಕಡೆಯೇ ದ್ವಿಬಂಧ, ಅಂದರೆ ಎರಡು ಪರಮಾಣುಗಳ ನಡುವಿನ ಜೋಡಿ ಬಂಧ, ಇರುವುದು. ಅಂಥವು 30. ನೀವು ಹಾಕುವ ಟೇಪೂ 30.

ಅಂಟಿಸುವ ಮುಂಚೆ ಒಂದು ಆಟ. ಆರು ತುಂಡುಗಳನ್ನು ಮೇಜಿನ ಮೇಲೆ ಉಂಗುರದ ಹಾಗೆ ಇಡಿ, ಕೆಂಪಿಗೆ ಕೆಂಪು. ಚಪ್ಪಟೆಯಾಗಿ ಕೂರುತ್ತವೆ. ಇಂಗಾಲದ ಇನ್ನೊಂದು ರೂಪವಾದ ಗ್ರಾಫೈಟಿನ ಪದರ ಹೀಗೇ ಇರುತ್ತದೆ. ಈಗ ಒಂದು ತುಂಡು ತೆಗೆದು, ಉಳಿದ ಐದಕ್ಕೆ ಟೇಪ್ ಹಾಕಿ, ಎರಡು ತುದಿಗಳನ್ನು ಹತ್ತಿರ ಎಳೆಯಿರಿ. ಕಾಗದ ಮೇಜಿನಿಂದ ಎದ್ದು ಬಟ್ಟಲಾಗುತ್ತದೆ. ನಾನು ಎಷ್ಟು ಸಲ ಮಾಡಿದ್ದರೂ ಆ ಏಳುವ ಗಳಿಗೆ ನನಗೆ ಇಷ್ಟ. ಈ ಅಣುವನ್ನು ಕಂಡುಹಿಡಿದವರಲ್ಲಿ ಒಬ್ಬರಾದ, ಅಮೆರಿಕದ ರೈಸ್ ವಿಶ್ವವಿದ್ಯಾಲಯದ ರಿಚರ್ಡ್ ಸ್ಮಾಲಿ ಕೂಡ 1985ರಲ್ಲಿ ರಾತ್ರಿ ಕೂತು ಕಾಗದದ ಷಡ್ಭುಜಗಳ ಜೊತೆ ಗುದ್ದಾಡಿದ್ದರು. ಬರೀ ಷಡ್ಭುಜದಿಂದ ಚೆಂಡು ಮುಚ್ಚಲಿಲ್ಲ, ಪಂಚಭುಜ ಸೇರಿಸಿದ ಮೇಲೆ ಮುಚ್ಚಿತು. ಜೊತೆಗೆ ಕೆಲಸ ಮಾಡಿದ್ದ ರಾಬರ್ಟ್ ಕರ್ಲ್, ಹ್ಯಾರಿ ಕ್ರೋಟೊ ಜೊತೆ ಅವರಿಗೆ 1996ರಲ್ಲಿ ನೊಬೆಲ್ ಬಂತು.

ಬಟ್ಟಲಿನ ಹೊರಗೆ ಐದು ಕೆಂಪು ಅಂಚು ಉಳಿದಿರುತ್ತವೆ. ಒಂದೊಂದಕ್ಕೂ ಒಂದು ಷಡ್ಭುಜ ಅಂಟಿಸಿ. ಐದು ಎಸಳಿನ ಹೂವಿನ ಹಾಗೆ ಕಾಣುತ್ತದೆ. ಇಂಥದ್ದೇ ಇನ್ನೊಂದು ಮಾಡಿ. ಎರಡನ್ನೂ ಎದುರುಬದುರು ಹಿಡಿದು ಸ್ವಲ್ಪ ತಿರುಗಿಸಿ. ಇದರ ಎಸಳು ಅದರ ಸಂದಿಗೆ, ಕೈಬೆರಳು ಹೆಣೆದ ಹಾಗೆ ಕೂರುತ್ತದೆ. ಉಳಿದ ಹತ್ತು ಟೇಪ್ ಇಲ್ಲಿಗೆ. ಕೊನೆಯ ಒಂದೆರಡು ತೊಡಕು ಕೊಡುತ್ತವೆ. ತೂತಿನೊಳಗೆ ಬೆರಳು ಹಾಕಿ ಒಳಗಿನಿಂದ ಒತ್ತಿ ಹಿಡಿಯಿರಿ.

ಮುಗಿದ ಮೇಲೆ ತೂತು ಎಣಿಸಿ. 12 ಬರಬೇಕು. 11 ಬಂದರೆ ಎಲ್ಲೋ ಬಿಳಿ ಅಂಚಿಗೆ ಟೇಪ್ ಹತ್ತಿದೆ. ಎಪ್ಪತ್ತು ಇಂಗಾಲದ ಫುಲ್ಲರೀನ್‌ನಲ್ಲಿ ಷಡ್ಭುಜ 25 ಆದರೂ ಪಂಚಭುಜ 12ಕ್ಕೇ ನಿಲ್ಲುತ್ತದೆ. ಅದನ್ನೂ ಮಾಡಬಹುದು, ಆದರೆ ಅಲ್ಲಿ ಕೆಲವು ಷಡ್ಭುಜಕ್ಕೆ ಮೂರಕ್ಕಿಂತ ಜಾಸ್ತಿ ಷಡ್ಭುಜ ನೆರೆ ಇರುವುದರಿಂದ ನಮ್ಮ ಕೆಂಪು ಗೆರೆ ಕೈಕೊಡುತ್ತದೆ.

ಚೆಂಡು ಸುಮಾರು 20 ಸೆಂ.ಮೀ. ಅಡ್ಡಳತೆ ಬರುತ್ತದೆ. ನಿಜವಾದ ಅಣುವಿಗಿಂತ ಹತ್ತಿರ ಹತ್ತಿರ 28 ಕೋಟಿ ಪಟ್ಟು ದೊಡ್ಡದು.

ಇನ್ನೊಂದು ಮಾತು. ಈ ಅಣುವಿನ ಒಳಗೆ ಲ್ಯಾಂಥನಮ್ ಅನ್ನುವ ಲೋಹದ ಪರಮಾಣು ಸಿಕ್ಕಿಹಾಕಿಕೊಳ್ಳುತ್ತದೆ ಅಂತಲೂ ಅದೇ ತಂಡ 1985ರಲ್ಲೇ ತೋರಿಸಿತ್ತು. ಅದು ಬೇಕಿದ್ದರೆ ಟೆನಿಸ್ ಚೆಂಡಿನಷ್ಟು ದೊಡ್ಡ, ಹಗುರವಾದ ಪ್ಲಾಸ್ಟಿಕ್ ಚೆಂಡು ಒಳಗಿಡಿ. ತೂತಿನಿಂದ ಬೀಳುವುದಿಲ್ಲ. ಆದರೆ ಎರಡು ಹೂವು ಸೇರಿಸುವ ಮುಂಚೆಯೇ ಇಡಬೇಕು. ನಾನು ಎರಡು ಸಲ ಮರೆತು, ಎಲ್ಲ ಅಂಟಿಸಿದ ಮೇಲೆ ಮತ್ತೆ ಟೇಪ್ ಕಿತ್ತಿದ್ದೇನೆ.