ಕೋಳಿಗೂಡಿನ ರಾತ್ರಿ ಊಟ ಬಂದ್ ಮಾಡಿ

ಕತ್ತಲಾದರೆ ಕೋಳಿಗೆ ಕಣ್ಣು ಮಂದ. ಒಮ್ಮೆ ಬಿದಿರಿನ ಗಳ ಏರಿ ಕುಳಿತಿತೆಂದರೆ ಬೆಳಗಾಗುವವರೆಗೆ ಒಂದು ಕಾಳನ್ನೂ ಮುಟ್ಟುವುದಿಲ್ಲ. ಹಾಗಿದ್ದ ಮೇಲೆ ಸಂಜೆ ಏಳರ ನಂತರ ತಟ್ಟೆಯಲ್ಲಿ ಉಳಿಯುವ ಆಹಾರ ಯಾರಿಗೆ? ಕೊಡಗಿನ ನಾಪೋಕ್ಲು ಕಡೆಯ ನಮ್ಮ ಹಿತ್ತಲಲ್ಲಿ ಈ ಪ್ರಶ್ನೆ ನನಗೆ ಹೊಳೆಯಲು ಎರಡು ವರ್ಷ ಬೇಕಾಯಿತು. ಅಷ್ಟರಲ್ಲಿ ಬೋನು, ಪಾಷಾಣ, ಕರೆಂಟಿಗೆ ಸಿಕ್ಕಿಸಿದರೆ ಇಲಿಗೆ ಮಾತ್ರ ಕೇಳಿಸುತ್ತದೆ ಎನ್ನುವ ಶಬ್ದಯಂತ್ರ ಎಲ್ಲಕ್ಕೂ ದುಡ್ಡು ಸುರಿದಾಗಿತ್ತು. ಒಂದು ರಾತ್ರಿ ಟಾರ್ಚ್ ಹಿಡಿದು ಹೋಗಿ ನೋಡಿದರೆ ತಟ್ಟೆಯ ಸುತ್ತ ಆರು ಇಲಿಗಳು ಮದುವೆ ಪಂಕ್ತಿಯಲ್ಲಿ ಕುಳಿತ ಹಾಗೆ ಕುಳಿತಿದ್ದವು. ಬೆಳಕು ಬಿದ್ದಾಗ ನಾಲ್ಕು ಓಡಿದವು. ಉಳಿದೆರಡು ಊಟ ಮುಗಿಸಿಕೊಂಡೇ ಎದ್ದವು. ಶಬ್ದಯಂತ್ರದ ಕೆಂಪು ದೀಪ ಪಕ್ಕದಲ್ಲೇ ಮಿನುಗುತ್ತಿತ್ತು.

ಲೆಕ್ಕ ಹಾಕಿ ನೋಡಿ. ಬೆಳೆದ ಕೋಳಿ ದಿನಕ್ಕೆ 100ರಿಂದ 120 ಗ್ರಾಂ ತಿನ್ನುತ್ತದೆ, ಇಲಿ 15ರಿಂದ 25 ಗ್ರಾಂ. ಹತ್ತು ಇಲಿ ಇದ್ದರೆ ಮೊಟ್ಟೆ ಇಡದ ಎರಡು ಕೋಳಿಗಳನ್ನು ಸಾಕಿದ ಹಾಗಾಯಿತು. ತಿಂದದ್ದಕ್ಕಿಂತ ಹಿಕ್ಕೆ ಹಾಕಿ, ಉಚ್ಚೆ ಹೊಯ್ದು ಕೆಡಿಸುವುದು ಹೆಚ್ಚು. ಹೆಣ್ಣಿಲಿ ಗರ್ಭ ಹೊರುವುದು ಮೂರೇ ವಾರ. ಒಂದು ಸೂಲಿಗೆ ಆರೆಂಟು ಮರಿ, ಆ ಮರಿಗಳೂ ಮೂರು ತಿಂಗಳಲ್ಲಿ ಸಂಸಾರಕ್ಕೆ ತಯಾರು. ಊಟ ಸಿಗುವವರೆಗೆ ನೀವು ಕೊಂದಷ್ಟು ಜಾಗ ಮತ್ತೆ ತುಂಬುತ್ತಲೇ ಇರುತ್ತದೆ. ಆದ್ದರಿಂದ ಕೊಲ್ಲುವ ಕೆಲಸ ಕೊನೆಗಿರಲಿ.

ಕೊಡಗಿನಲ್ಲಿ ಇಲಿಗಳು ಮನೆಯತ್ತ ಗುಳೆ ಹೊರಡುವ ಕಾಲ ಎರಡು. ಜೂನ್‌ನಲ್ಲಿ ಮಳೆ ಹಿಡಿದು ಗದ್ದೆ ಬದುವಿನ ಬಿಲಗಳಿಗೆ ನೀರು ನುಗ್ಗಿದಾಗ ಒಮ್ಮೆ, ಸುಗ್ಗಿಹಬ್ಬ ಪುತ್ತರಿ ಕಳೆದು ಕುಯಿಲು ಮುಗಿದು ಗದ್ದೆ ಬರಿದಾದಾಗ ಇನ್ನೊಮ್ಮೆ. ಮಣ್ಣು ಅಗೆಯುವ, ಸಿಮೆಂಟು ಮೆತ್ತುವ ಕೆಲಸಗಳನ್ನು ಮೇ ತಿಂಗಳೊಳಗೆ ಮುಗಿಸಿಕೊಳ್ಳಿ. ಕಕ್ಕಡದ, ಅಂದರೆ ಜುಲೈ-ಆಗಸ್ಟ್‌ನ, ಮಳೆಯಲ್ಲಿ ಸಿಮೆಂಟು ಒಣಗುವುದಿಲ್ಲ, ಕೆಲಸಕ್ಕೆ ಜನವೂ ಸಿಗುವುದಿಲ್ಲ.

ಬರುತ್ತಿರುವುದು ಯಾರು?

ಗೂಡಿನ ಬಾಗಿಲಲ್ಲಿ, ಗೋಡೆ ಬುಡದಲ್ಲಿ ಸಂಜೆ ಒಲೆಯ ಬೂದಿಯನ್ನು ತೆಳುವಾಗಿ ಹರಡಿ. ಬೆಳಗ್ಗೆ ಹೆಜ್ಜೆಗಳೇ ದಾರಿ ತೋರಿಸುತ್ತವೆ. ಜೀರಿಗೆಯಷ್ಟು ಸಣ್ಣ ಹಿಕ್ಕೆ ಬಿದ್ದಿದ್ದರೆ ಚಿಟ್ಟಿಲಿ, ಅರ್ಧ ಇಂಚಿನಷ್ಟು ಉದ್ದವಿದ್ದರೆ ಮಾಡಿನ, ಅಂದರೆ ಸೂರಿನ, ಇಲಿ. ಗೋಡೆ ಬುಡದಲ್ಲಿ ಹೊಸ ಮಣ್ಣಿನ ಗುಪ್ಪೆ ಎದ್ದಿದ್ದರೆ ಹೆಗ್ಗಣ. ಮಾಡಿನ ಇಲಿ ದಿನವೂ ಒಂದೇ ದಾರಿ ಹಿಡಿಯುವುದರಿಂದ ತೊಲೆಯ ಮೇಲೆ ಅದರ ಮೈಯ ಜಿಡ್ಡು ಕಪ್ಪಗೆ ಹತ್ತಿರುತ್ತದೆ. ಬಿಲದಲ್ಲಿ ವಾಸ ಇದೆಯೋ ಇಲ್ಲವೋ ತಿಳಿಯಲು ಸಂಜೆ ಹಸಿ ಮಣ್ಣು ತುಂಬಿ ಮುಚ್ಚಿ. ಬೆಳಗ್ಗೆ ತೆರೆದುಕೊಂಡಿದ್ದರೆ ಒಳಗೆ ಯಜಮಾನರಿದ್ದಾರೆ. ಇಷ್ಟೂ ತಿಳಿಯದೆ ಗುದ್ದಲಿ ಹಿಡಿದರೆ ಬೆಟ್ಟ ಅಗೆದು ಇಲಿಯನ್ನೂ ಹಿಡಿಯದ ಕಥೆಯಾಗುತ್ತದೆ.

ಮರಿಗಳಿಗೆ ಮೊದಲ ರಕ್ಷಣೆ

ಇಲ್ಲಿ ಕ್ರಮ ತಪ್ಪಬಾರದು. ರಾತ್ರಿ ಊಟ ಒಮ್ಮೆಲೇ ನಿಂತರೆ ಹಸಿದ ಇಲಿ ಮೊಟ್ಟೆಗೂ ಮರಿಗೂ ಬಾಯಿ ಹಾಕುತ್ತದೆ. ಉತ್ಸಾಹದಲ್ಲಿ ನಾನು ಒಂದೇ ದಿನ ತಟ್ಟೆಯನ್ನೆಲ್ಲ ಎತ್ತಿಟ್ಟೆ. ಮೂರನೆಯ ಬೆಳಗ್ಗೆ ಹನ್ನೊಂದು ಮರಿಗಳಲ್ಲಿ ಏಳು ಉಳಿದಿದ್ದವು. ಹೇಂಟೆ ಮೂಲೆಯಲ್ಲಿ ಮೈ ಉಬ್ಬಿಸಿಕೊಂಡು ನಿಂತಿತ್ತು, ಅದರ ಕಾಲಿನಲ್ಲೂ ಗಾಯ. ಆದ್ದರಿಂದ ಮೊದಲು ತಾಯಿ ಮತ್ತು ಮರಿಗಳಿಗಾಗಿ ಒಂದು ಪೆಟ್ಟಿಗೆ ಮಾಡಿಕೊಳ್ಳಿ. ಹಲಗೆಯ ತಳ ಇರಲಿ, ಸುತ್ತ ಕಾಲು ಇಂಚು ಕಣ್ಣಿನ ಗಟ್ಟಿ ತಂತಿಜಾಲರಿ ಇರಲಿ. ಮೊಟ್ಟೆಗಳನ್ನು ಸಂಜೆಯೊಳಗೆ ಎತ್ತಿಬಿಡಿ.

ಆಮೇಲೆ ಊಟದ ವೇಳಾಪಟ್ಟಿ. ದಿನದ ಅಳತೆಯನ್ನು ಎರಡು ಪಾಲು ಮಾಡಿ, ಬೆಳಗ್ಗೆ ಒಂದು, ಕತ್ತಲಾಗುವುದಕ್ಕೆ ಎರಡು ಗಂಟೆ ಮೊದಲು ಒಂದು ಕೊಡಿ. ಎರಡನೆಯದು ಕೋಳಿ ಗಳ ಏರುವ ಹೊತ್ತಿಗೆ ಖಾಲಿಯಾಗಬೇಕು. ಉಳಿದರೆ ಎತ್ತಿಡಿ, ಮರುದಿನ ಅಷ್ಟು ಕಡಿಮೆ ಹಾಕಿ. ನಾಲ್ಕೈದು ದಿನದಲ್ಲಿ ನಿಮ್ಮ ಕೈಗೆ ಅಳತೆ ಬರುತ್ತದೆ. ತಟ್ಟೆಯನ್ನು ನೆಲದಲ್ಲಿಡದೆ ಕೋಳಿಯ ಬೆನ್ನಿನ ಎತ್ತರಕ್ಕೆ ತೂಗುಹಾಕಿದರೆ ಕೆದಕಿ ಚೆಲ್ಲುವುದು ಬಹಳ ಕಡಿಮೆಯಾಗುತ್ತದೆ. ಚೆಲ್ಲಿದ್ದನ್ನು ಗುಡಿಸಿ ತೆಗೆಯಿರಿ. ನೀರಿನ ಪಾತ್ರೆಯೂ ರಾತ್ರಿ ಹೊರಗೆ ಬೇಡ. ಅಡುಗೆಮನೆಯ ಅನ್ನ, ಹಲಸಿನ ಬೀಜ, ಮೀನಿನ ಮುಳ್ಳನ್ನು ಗೂಡಿನ ಮುಂದೆ ಎಸೆಯುವ ಅಭ್ಯಾಸ ನಮ್ಮಲ್ಲಿ ಎಲ್ಲರಿಗೂ ಇದೆ. ಎಸೆಯುವುದಿದ್ದರೆ ಬೆಳಗ್ಗೆಯೇ ಎಸೆಯಿರಿ.

ಚೀಲದಲ್ಲಿ ಫೀಡ್ ಇಡುವುದೆಂದರೆ ಇಲಿಗೆ ಹೆಸರು ಬರೆದು ಇಟ್ಟ ಹಾಗೆ. ಮುಚ್ಚಳ ಗಟ್ಟಿಯಾಗಿ ಕೂರುವ ತಗಡಿನ ಡ್ರಮ್ ಎಲ್ಲಕ್ಕಿಂತ ಮೇಲು. ಇಲಿಯ ಬಾಚಿಹಲ್ಲು ಸಾಯುವವರೆಗೆ ಬೆಳೆಯುತ್ತಲೇ ಇರುತ್ತದೆ, ಅದಕ್ಕೆ ಕಡಿಯಲು ಏನಾದರೂ ಬೇಕೇ ಬೇಕು. ತೆಳು ಪ್ಲಾಸ್ಟಿಕ್ ಡಬ್ಬಿ ಎರಡು ರಾತ್ರಿಯ ಕೆಲಸ. ಕ್ಲಾಂಪ್ ಹಾಕುವ ದಪ್ಪ ನೀಲಿ ಡ್ರಮ್ ಪರವಾಗಿಲ್ಲ, ನುಣುಪು ಮೈಗೆ ಹಲ್ಲು ಹತ್ತುವುದು ಕಷ್ಟ. ಡ್ರಮ್ಮನ್ನು ಇಟ್ಟಿಗೆಯ ಮೇಲೆ, ಗೋಡೆಯಿಂದ ಒಂದು ಗೇಣು ದೂರ ಇಡಿ. ಮಳೆಗಾಲದಲ್ಲಿ ಎರಡು ಮೂರು ವಾರಕ್ಕೆ ಬೇಕಾದಷ್ಟನ್ನೇ ತನ್ನಿ. ನಮ್ಮ ತೇವಕ್ಕೆ ಜೋಳದ ನುಚ್ಚು ಬೇಗ ಬೂಸ್ಟು ಹಿಡಿಯುತ್ತದೆ, ಬೂಸ್ಟು ಹಿಡಿದ ಆಹಾರ ಕೋಳಿಗೆ ಇಲಿಗಿಂತ ದೊಡ್ಡ ಶತ್ರು.

ಜಾಲರಿಯ ಕಣ್ಣು

ಅಂಗಡಿಯಲ್ಲಿ ಕೋಳಿಜಾಲರಿ ಎಂದು ಕೇಳಿದರೆ ಆರು ಮೂಲೆಯ ಕಣ್ಣಿನ ತೆಳು ತಂತಿ ಬಲೆಯನ್ನು ಕೊಡುತ್ತಾರೆ. ಅದು ಕೋಳಿ ಹೊರಗೆ ಹೋಗದಂತೆ ತಡೆಯುತ್ತದೆ, ಇಲಿ ಒಳಗೆ ಬರುವುದನ್ನಲ್ಲ. ಅರ್ಧ ಇಂಚಿನ ಸಂದು ಸಿಕ್ಕರೆ ಇಲಿ ಒಳಗೆ ತೂರುತ್ತದೆ, ಚಿಟ್ಟಿಲಿಗೆ ಕಾಲು ಇಂಚು ಸಾಕು. ಸೀಸದ ಕಡ್ಡಿ ತೂರುವ ತೂತಿನಲ್ಲಿ ಚಿಟ್ಟಿಲಿಯೂ ತೂರಬಹುದು ಎಂದು ನೆನಪಿಟ್ಟುಕೊಳ್ಳಿ. ಹಾಗಾಗಿ ಬೆಸುಗೆ ಹಾಕಿದ ವೆಲ್ಡ್‌ಮೆಶ್ಶನ್ನೇ ಕೇಳಿ, ಕಣ್ಣು ಕಾಲು ಇಂಚಿಗಿಂತ ದೊಡ್ಡದು ಬೇಡ. ದುಬಾರಿ ನಿಜ. ಇಡೀ ಅಂಗಳಕ್ಕೆ ಹಾಕಲು ಹೋಗಬೇಡಿ, ಕೋಳಿ ಮಲಗುವ ಕೋಣೆಗೆ ಮಾತ್ರ ಹಾಕಿ.

ಹೆಗ್ಗಣ ಅಡಿಯಿಂದ ಬರುತ್ತದೆ. ಅದಕ್ಕಾಗಿ ಗೋಡೆಯ ಹೊರಗೆ ಸುತ್ತಲೂ ಒಂದಡಿ ಆಳ ತೋಡಿ, ಜಾಲರಿಯನ್ನು ಕೆಳಗಿಳಿಸಿ, ತುದಿಯನ್ನು ಹೊರಕ್ಕೆ ಮಡಚಿ ಮಣ್ಣು ಮುಚ್ಚಿ. ಹೆಗ್ಗಣ ಗೋಡೆಗೆ ಒತ್ತಿಕೊಂಡೇ ಅಗೆಯುತ್ತದೆ, ಕೆಳಗೆ ತಂತಿ ತಾಗುತ್ತದೆ. ನಾಲ್ಕು ಹೆಜ್ಜೆ ಹಿಂದೆ ಸರಿದು ಅಗೆಯುವ ಬುದ್ಧಿ ಅದಕ್ಕೆ ಸಾಮಾನ್ಯವಾಗಿ ಬರುವುದಿಲ್ಲ. ಹಳೆಯ ಕಲ್ಲು ಮಣ್ಣಿನ ಗೂಡುಗಳ ಸಂದಿಗೆ ಗಾಜಿನ ಚೂರು ಬೆರೆಸಿದ ಸಿಮೆಂಟು ತುಂಬಿ. ಅದಕ್ಕೆ ಮೊದಲು ಒಳಗಿನವುಗಳನ್ನು ಬೋನಿಗೆ ಬೀಳಿಸಿರಬೇಕು, ಇಲ್ಲವಾದರೆ ಬಿಲ ಮುಚ್ಚಿ ಹೆಗ್ಗಣವನ್ನು ಒಳಗೇ ಸಾಕಿದಂತಾಗುತ್ತದೆ. ಬಾಗಿಲಿನ ಅಡಿಗೆ ಒಂದು ಗೇಣು ಅಗಲದ ತಗಡು ಹೊಡೆಯಿರಿ.

ಹೊಸದಾಗಿ ಗೂಡು ಕಟ್ಟುವವರು ಮೂರಡಿ ಎತ್ತರದ ಕಂಬಗಳ ಮೇಲೆ ಕಟ್ಟಲಿ. ತೆಂಗಿನ ಮರಕ್ಕೆ ಇಲಿ ಹತ್ತದಂತೆ ತಗಡು ಸುತ್ತುತ್ತೇವಲ್ಲ, ಅದೇ ಉಪಾಯವನ್ನು ಕಂಬಗಳಿಗೂ ಮಾಡಿ. ಇಷ್ಟೆಲ್ಲ ಮಾಡಿದವರು ಕೋಳಿ ಹತ್ತುವ ಏಣಿಹಲಗೆಯನ್ನು ರಾತ್ರಿ ತೆಗೆಯಲು ಮರೆಯುತ್ತಾರೆ. ಇಲಿಗೂ ಏಣಿ ಹತ್ತಲು ಬರುತ್ತದೆ. ಶೀಟಿನ ಅಲೆಗಳು ಗೋಡೆಗೆ ಕೂರುವ ಕಡೆ ಉಳಿಯುವ ಕಿಂಡಿಗಳಿಗೂ ಜಾಲರಿ ಮಡಚಿ ತುರುಕಿ. ಮಾಡಿಗೆ ತಾಗುವ ಸಿಲ್ವರ್ ಓಕ್ ಕೊಂಬೆ, ಕರಿಮೆಣಸಿನ ಬಳ್ಳಿಯನ್ನು ಮೂರಡಿ ದೂರಕ್ಕೆ ಸವರಿ. ಗೂಡಿಗೆ ಒರಗಿಸಿದ ಸೌದೆ ರಾಶಿಯನ್ನು ಬೇರೆಡೆಗೆ ಸಾಗಿಸಿ. ಇಲಿ ಇದ್ದಲ್ಲಿಗೆ ಕೇರೆ ಬರುತ್ತದೆ, ನಾಗರವೂ ಬರುತ್ತದೆ. ಸೌದೆಗೆ ಕೈ ಹಾಕುವವರು ನಾವೇ.

ಬೋನು, ಪಾಷಾಣ

ಊಟ ನಿಂತು ಮೂರು ದಿನವಾದ ಮೇಲೆ ಬೋನು ಇಡಿ. ಇಲಿಗೆ ಹೊಸ ವಸ್ತುವೆಂದರೆ ಗುಮಾನಿ. ಮೊದಲ ಮೂರು ರಾತ್ರಿ ಬೋನಿನ ಬಾಗಿಲು ತೆರೆದೇ ಇಟ್ಟು, ತಿಂದು ಹೋಗಲು ಬಿಡಿ. ನಾಲ್ಕನೆಯ ರಾತ್ರಿ ಕೊಕ್ಕೆ ಸಿಕ್ಕಿಸಿ. ಕೋಳಿ ಆಹಾರವನ್ನೇ ತಿಂದು ಬೇಸತ್ತವುಗಳಿಗೆ ರುಚಿ ಬೇರೆ ಇರಲಿ: ಸುಟ್ಟ ಕೊಬ್ಬರಿ, ಒಣಮೀನಿನ ತಲೆ. ಇಲಿ ಗೋಡೆ ಬುಡ ಹಿಡಿದೇ ಓಡುವುದರಿಂದ ಬೋನನ್ನು ಗೋಡೆಗೆ ಒತ್ತಿಯೇ ಇಡಿ, ಬಾಯಿ ಅದು ಓಡುವ ದಾರಿಗೆ ಎದುರಾಗಿರಲಿ. ಬಡಿಯುವ ಬೋನಾದರೆ ಎರಡು ಇಂಚಿನ ತೂತಿರುವ ಮರದ ಪೆಟ್ಟಿಗೆಯೊಳಗೆ ಇಡಿ, ಇಲ್ಲದಿದ್ದರೆ ಮೊದಲು ಸಿಕ್ಕಿಬೀಳುವುದು ಕೋಳಿಯ ಕಾಲು.

ಪಾಷಾಣದ ವಿಷಯದಲ್ಲಿ ನನ್ನದು ಹಟದ ಅಭಿಪ್ರಾಯ: ಹತ್ತಿಪ್ಪತ್ತು ಕೋಳಿ ಸಾಕುವವರಿಗೆ ಅದು ಬೇಡ. ಜಿಂಕ್ ಫಾಸ್ಫೈಡ್ ಹೊಟ್ಟೆಯ ಆಮ್ಲಕ್ಕೆ ಸೇರಿ ವಿಷಾನಿಲವಾಗುತ್ತದೆ. ಅದಕ್ಕೆ ಪ್ರತಿವಿಷವಿಲ್ಲ, ಕೋಳಿ ಎರಡು ಕಾಳು ಕುಕ್ಕಿದರೂ ಆಪತ್ತು. ಬ್ರೊಮಾಡಿಯೊಲೋನ್ ಬಿಲ್ಲೆ ತಿಂದ ಇಲಿ ಸಾಯಲು ಕೆಲವು ದಿನ ಬೇಕು. ಅಷ್ಟರಲ್ಲಿ ತೂರಾಡುವ ಆ ಇಲಿಯನ್ನು ಬೆಕ್ಕು, ನಾಯಿ, ಗೂಬೆ ಹಿಡಿದರೆ ವಿಷ ಅವುಗಳ ಹೊಟ್ಟೆಗೂ ಸೇರುತ್ತದೆ. ಚಿಟ್ಟಿಲಿಯಾದರೆ ಕೋಳಿಯೇ ನುಂಗಿಬಿಡುತ್ತದೆ. ನಾನು ಬಿಲ್ಲೆ ಇಟ್ಟ ವರ್ಷ ಇಲಿ ಸತ್ತದ್ದು ನಮ್ಮ ಅಟ್ಟದ ಹಲಗೆಗಳ ನಡುವೆ. ಹೊರಗೆ ಕಕ್ಕಡದ ಜಡಿಮಳೆ, ಕಿಟಕಿ ತೆರೆಯುವಂತಿಲ್ಲ. ಎಂಟು ದಿನ ಮನೆಯವರೆಲ್ಲ ಮೂಗಿಗೆ ಬಟ್ಟೆ ಕಟ್ಟಿಕೊಂಡು ಊಟ ಮಾಡಿದೆವು.

ಸತ್ತ ಇಲಿಯನ್ನು ಬರಿಗೈಯಲ್ಲಿ ಮುಟ್ಟದೆ ಆಳಕ್ಕೆ ಹೂಳಿ. ಹಿಕ್ಕೆಯನ್ನು ಒಣ ಪೊರಕೆಯಿಂದ ಗುಡಿಸಬೇಡಿ. ಬ್ಲೀಚಿಂಗ್ ಪುಡಿಯ ನೀರು ಚಿಮುಕಿಸಿ, ಸ್ವಲ್ಪ ಹೊತ್ತು ಬಿಟ್ಟು ಬಳಿದು ತೆಗೆಯಿರಿ. ಇಲಿಜ್ವರದ ರೋಗಾಣು ಉಚ್ಚೆಯಲ್ಲಿರುತ್ತದೆ, ಒದ್ದೆ ನೆಲದಿಂದ ಒಡೆದ ಹಿಮ್ಮಡಿಯ ಮೂಲಕ ಮೈ ಸೇರುತ್ತದೆ. ತೋಟಕ್ಕೆ ಹಾಕುವ ಗಮ್‌ಬೂಟನ್ನು ಗೂಡಿಗೂ ಹಾಕಿಕೊಳ್ಳಿ. ಮಳೆಗಾಲದಲ್ಲಿ ಜೋರು ಜ್ವರ, ಮೀನಖಂಡದಲ್ಲಿ ನೋವು, ಕಣ್ಣು ಕೆಂಪಾಗುವುದು ಕಂಡರೆ ತಡಮಾಡದೆ ವೈದ್ಯರ ಬಳಿ ಹೋಗಿ, ಕೋಳಿಗೂಡು ತೊಳೆಯುವ ಕೆಲಸ ಮಾಡುತ್ತೇನೆ ಎಂಬುದನ್ನು ಅವರು ಕೇಳದಿದ್ದರೂ ಹೇಳಿ.

ಎರಡು ವಾರದ ನಂತರ ಮತ್ತೆ ಬೂದಿ ಹರಡಿ ನೋಡಿ. ನಮ್ಮಲ್ಲಿ ಈಗ ಬಾಗಿಲ ಬೂದಿಯ ಮೇಲೆ ಬೆಕ್ಕಿನ ಹೆಜ್ಜೆ ಮಾತ್ರ ಇರುತ್ತದೆ. ಮಾಡಿನ ಕಡೆ ಮಾತ್ರ ಇನ್ನೂ ಒಂದೆರಡು ಬರುತ್ತಿವೆ. ಅಲ್ಲಿಗೆ ಚಾಚಿರುವ ಹಲಸಿನ ಕೊಂಬೆಯಲ್ಲಿ ಹದಿನಾಲ್ಕು ಕಾಯಿಗಳಿವೆ, ಅವು ಇಳಿಯುವವರೆಗೆ ಕತ್ತಿ ಮುಟ್ಟಿಸಬಾರದೆಂದು ಅಮ್ಮನ ಆಜ್ಞೆ. ಸದ್ಯಕ್ಕೆ ಕೊಂಬೆಗೆ ತಗಡು ಸುತ್ತಿ, ತೊಲೆಯ ಮೇಲೆ ಒಂದು ಬೋನು ಕಟ್ಟಿದ್ದೇನೆ.