ಗುಡ್ಡದೂರಿಗೆ ಹತ್ತುವ ಮುಂಚೆ ಕೊನೇ ಬಸ್ಸು ನೋಡಿ

ನಮ್ಮ ಚಿಕ್ಕಪ್ಪ ರಿಟೈರ್ ಆದಮೇಲೆ ಚಿಕ್ಕಮ್ಮನ ಜೊತೆ ಇಟಲಿಗೆ ಹೋಗಿದ್ದರು. ಫ್ಲಾರೆನ್ಸ್‌ನಿಂದ ಒಂದೇ ದಿನದ ಟೂರಿನಲ್ಲಿ ಸಿಯೆನಾ, ಸಾನ್ ಜಿಮಿನ್ಯಾನೊ, ಪೀಸಾ ಮೂರೂ ಮುಗಿಸಿಕೊಂಡು ಬಂದರು. ಹೇಗಿತ್ತು ಚಿಕ್ಕಪ್ಪ ಅಂದೆ. "ಬಸ್ಸು ತುಂಬಾ ಚೆನ್ನಾಗಿತ್ತು ಕಣೇ, ಸೀಟು ಹಿಂದಕ್ಕೆ ಬಾಗ್ತಿತ್ತು" ಅಂದರು. ಊರುಗಳ ಬಗ್ಗೆ ಕೇಳಿದರೆ ಎರಡು ಫೋಟೊ ತೋರಿಸಿದರು, ಯಾವುದು ಸಿಯೆನಾ ಯಾವುದು ಸಾನ್ ಜಿಮಿನ್ಯಾನೊ ಅಂತ ಅವರಿಗೇ ಗೊತ್ತಿರಲಿಲ್ಲ.

ನಾನೇನು ಕಡಿಮೆಯವಳಲ್ಲ. ಟೂರು ಗೀರು ಯಾಕೆ, ನಾವೇ ಹೋಗೋಣ ಅಂತ ಗಂಡನನ್ನು ಎಳೆದುಕೊಂಡು ಹೋಗಿ, ಒಂದು ಭಾನುವಾರ ಮೊಂತೆಪುಲ್ಚಾನೊ ಅನ್ನುವ ಗುಡ್ಡದೂರಿನ ಬಸ್‌ಸ್ಟಾಪಿನಲ್ಲಿ ಇಲ್ಲದ ಬಸ್ಸಿಗೆ ಎರಡು ಗಂಟೆ ಕಾದಿದ್ದೆ. ಆಮೇಲೆ ಟ್ಯಾಕ್ಸಿಗೆ ಕೊಟ್ಟ ದುಡ್ಡನ್ನು ಊರಲ್ಲಿ ಯಾರಿಗೂ ಹೇಳಿಲ್ಲ. ಇಲ್ಲೂ ಹೇಳಲ್ಲ.

ಇಟಲಿಯ ಗುಡ್ಡದ ಮೇಲಿನ ಸಣ್ಣ ಊರುಗಳಿಗೆ ಟೂರಿನಲ್ಲಿ ಹೋಗೋದಾ, ನಾವೇ ಹೋಗೋದಾ ಅಂತ ಕೇಳುವವರಿಗೆ ನನ್ನ ಉತ್ತರ ಇಷ್ಟೇ: ಅದನ್ನು ನಿಮ್ಮ ಧೈರ್ಯ ತೀರ್ಮಾನ ಮಾಡಬಾರದು, ಆ ಊರಿನ ಕೊನೇ ಬಸ್ಸು ತೀರ್ಮಾನ ಮಾಡಬೇಕು. ಹೇಗೆ ಅಂತ ಒಂದೊಂದಾಗಿ ಹೇಳುತ್ತೇನೆ.

1. ದಿನಕ್ಕೆ ಒಂದೇ ಊರು

ಎರಡು ಬೇಕೇ ಬೇಕು ಅಂದರೆ ಎರಡು. ಮೂರು ಬೇಡ. ಚರ್ಚೆ ಇಲ್ಲ.

2. ರೈಲು ಇದೆಯಾ ನೋಡಿ

ಮಧ್ಯ ಇಟಲಿಯ ಟಸ್ಕನಿ, ಉಂಬ್ರಿಯಾ ಪ್ರಾಂತ್ಯಗಳ ಈ ಊರುಗಳಲ್ಲಿ ಹಲವು ರೋಮನ್ನರಿಗಿಂತ ಹಳೆಯವು. ರೋಮನ್ನರಿಗೂ ಮುಂಚೆ ಅಲ್ಲಿದ್ದ ಎಟ್ರುಸ್ಕನ್ನರಂಥ ಜನ ಕಟ್ಟಿಕೊಂಡದ್ದು. ಶತ್ರು ಬಂದರೆ ದೂರದಿಂದಲೇ ಕಾಣಬೇಕು, ಕೆಳಗಿನ ಜೌಗು ನೆಲದ ಮಲೇರಿಯಾ ಹತ್ತಿರ ಬರಬಾರದು, ಅದಕ್ಕೇ ಗುಡ್ಡದ ನೆತ್ತಿ. 19ನೇ ಶತಮಾನದಲ್ಲಿ ರೈಲು ಬಂತು. ರೈಲಿಗೆ ಗುಡ್ಡ ಹತ್ತಲು ಆಗುತ್ತಾ? ಅದು ಕಣಿವೆಯಲ್ಲೇ ಹೋಯಿತು. ಹಾಗಾಗಿ ಸ್ಟೇಷನ್ನಿನ ಬೋರ್ಡಿನಲ್ಲಿ ಊರಿನ ಹೆಸರಿದ್ದರೂ ಊರು ಅಲ್ಲಿರುವುದಿಲ್ಲ, ತಲೆ ಎತ್ತಿ ನೋಡಿದರೆ ಮೇಲೆ ಕಾಣುತ್ತದೆ.

ಹೊಸಬರಿಗೆ ಅತಿ ಸುಲಭ ಒರ್ವಿಯೆತೊ. ರೋಮ್‌ನಿಂದ ನೇರ ರೈಲು, ಒಂದು ಗಂಟೆ, ಒಂದೂಕಾಲು ಗಂಟೆ. ಸ್ಟೇಷನ್ನಿನ ಎದುರಿಗೇ ಹಳಿಯ ಮೇಲೆ ಹಗ್ಗ ಎಳೆಯುವ ಫ್ಯೂನಿಕ್ಯುಲರ್ ಗಾಡಿ, ಬಂಡೆಯ ಮೇಲಕ್ಕೆ ಕರೆದುಕೊಂಡು ಹೋಗುತ್ತದೆ. ಅಲ್ಲಿ 1290ರಲ್ಲಿ ಕಟ್ಟಲು ಶುರು ಮಾಡಿದ ದೊಡ್ಡ ಚರ್ಚಿದೆ, ಪೋಪ್ ಒಬ್ಬರು ತೋಡಿಸಿದ ಆಳದ ಬಾವಿಯಿದೆ. ಬಾವಿಗೆ 248 ಮೆಟ್ಟಿಲು. ಇಳಿಯುವ ದಾರಿ ಬೇರೆ, ಹತ್ತುವ ದಾರಿ ಬೇರೆ, ನೀರು ಹೊರುವ ಹೇಸರಗತ್ತೆಗಳು ಎದುರುಬದುರಾಗದಿರಲಿ ಅಂತ. ಇಂಥ ಊರಿಗೆ ಟೂರ್ ಬಸ್ಸಿನಲ್ಲಿ ಹೋಗುವುದು ಸುಮ್ನೆ ದುಡ್ಡು ದಂಡ.

ಅಸ್ಸೀಸಿಗೂ ರೈಲಿದೆ. ಸ್ಟೇಷನ್ ಕೆಳಗಿನ ಸಾಂತಾ ಮರಿಯಾ ದೆಲ್ಯಿ ಆಂಜೆಲಿಯಲ್ಲಿ, ಅಲ್ಲಿಂದ ಊರೊಳಗೆ ಸಿಟಿ ಬಸ್ಸು. ಸಿಯೆನಾಗೆ ಫ್ಲಾರೆನ್ಸ್‌ನಿಂದ ರೈಲೂ ಇದೆ ಬಸ್ಸೂ ಇದೆ. ನಾನಾದರೆ ಬಸ್ಸೇ. 131 ನಂಬರಿನ ಎಕ್ಸ್‌ಪ್ರೆಸ್ ಬಸ್ಸು ಕೋಟೆಯೊಳಗಿನ ಊರಿನ ಹತ್ತಿರಕ್ಕೇ ಬಿಡುತ್ತದೆ, ರೈಲಾದರೆ ಸ್ಟೇಷನ್ನಿನ ಎದುರಿನ ಮಾಲ್ ಹೊಕ್ಕು ಎಸ್ಕಲೇಟರ್ ಮೇಲೆ ಎಸ್ಕಲೇಟರ್ ಹತ್ತಬೇಕು. ಆದರೆ ಜುಲೈ 2 ಮತ್ತು ಆಗಸ್ಟ್ 16ರಂದು ಸಿಯೆನಾದ ದೊಡ್ಡ ಮೈದಾನದಲ್ಲಿ ಪಾಲಿಯೊ ಕುದುರೆ ಓಟ. ಓಟ ನೋಡಲೆಂದೇ ಹೋಗುವವರು ಬಿಟ್ಟರೆ ಉಳಿದವರು ಆ ಎರಡು ದಿನ ಅತ್ತ ತಲೆ ಹಾಕಬೇಡಿ.

3. ರೈಲಿಲ್ಲ ಅಂದರೆ ಬಸ್ಸಿನ ವೇಳಾಪಟ್ಟಿ ಓದಿ

ಎಲ್ಲರೂ ಎಡವುವುದು ಇಲ್ಲೇ. ನಾನು ಎಡವಿದ್ದೂ ಇಲ್ಲೇ. ಹಾಗಾಗಿ ನಿಧಾನವಾಗಿ ಹೇಳುತ್ತೇನೆ.

ಸ್ಟಾಪಿನ ಕಂಬಕ್ಕೆ ಅಂಟಿಸಿದ ಹಾಳೆ ಅಥವಾ ಬಸ್ ಕಂಪನಿಯ ಪಿಡಿಎಫ್ ತೆಗೆಯಿರಿ. ಸಣ್ಣ ಅಕ್ಷರದಲ್ಲಿ ಸಾಲು ಸಾಲು ಟೈಮ್ ಇರುತ್ತದೆ. ನಮ್ಮ ಕಣ್ಣು ನೇರ ಟೈಮಿಗೆ ಹೋಗುತ್ತದೆ. ಹೋಗಬಾರದು. ಮೊದಲು ಪ್ರತಿ ಕಾಲಮ್ಮಿನ ತಲೆಯ ಮೇಲೆ ಏನು ಬರೆದಿದೆ ನೋಡಿ, ಆ ಬಸ್ಸಿನ ಹಣೆಬರಹ ಇರುವುದು ಅಲ್ಲಿ.

"ಫೆರಿಯಾಲೆ" ಅಂತ ಇದ್ದರೆ ಕೆಲಸದ ದಿನ, ಅಂದರೆ ಸೋಮವಾರದಿಂದ ಶನಿವಾರ. ಹೌದು, ಶನಿವಾರವೂ ಸೇರಿ. ಇಟಾಲಿಯನ್ನಿನಲ್ಲಿ "ಫೆರಿಯೆ" ಅಂದರೆ ರಜೆ. ಹೋಗುವ ಮುಂಚೆ ಫೋನಿನಲ್ಲಿ ನಾಲ್ಕು ಪದ ಕಲಿತುಕೊಂಡಿದ್ದ ನಾನು, ಓ ಇದು ರಜೆಯ ದಿನದ ಬಸ್ಸು, ಇವತ್ತು ಭಾನುವಾರ, ಸರಿ ಅಂತ ಲೆಕ್ಕ ಹಾಕಿ ಆರಾಮಾಗಿ ಐಸ್‌ಕ್ರೀಮ್ ತಿನ್ನುತ್ತಾ ಕೂತಿದ್ದೆ. ಅರ್ಥ ಪೂರ್ತಿ ಉಲ್ಟಾ! ಭಾನುವಾರ ಮತ್ತು ಸರ್ಕಾರಿ ರಜೆಗೆ ಇರುವ ಪದ "ಫೆಸ್ತಿವೊ". ಏಪ್ರಿಲ್ 25, ಮೇ 1, ಜೂನ್ 2, ಆಗಸ್ಟ್ 15, ನವೆಂಬರ್ 1 ಯಾವ ವಾರ ಬಂದರೂ ಫೆಸ್ತಿವೊನೇ. ನಮ್ಮ ಸ್ವಾತಂತ್ರ್ಯ ದಿನದ ರಜೆ ಸೇರಿಸಿ ಪ್ಲಾನ್ ಮಾಡುವವರು ಆಗಸ್ಟ್ 15ನ್ನು ಕೆಂಪು ಪೆನ್ನಿನಲ್ಲಿ ಗುರುತು ಹಾಕಿಕೊಳ್ಳಿ. ಅವತ್ತು ಅಲ್ಲೂ ದೊಡ್ಡ ರಜೆ, ಸಣ್ಣ ಊರುಗಳಲ್ಲಿ ಬಸ್ಸು ನಂಬಿಕೊಂಡು ಹೋಗುವ ದಿನ ಅದಲ್ಲ. ಕೆಲವು ಪಟ್ಟಿಗಳಲ್ಲಿ ಪದದ ಬದಲು ಚಿತ್ರ ಇರುತ್ತದೆ: ಅಡ್ಡಡ್ಡ ಇಟ್ಟ ಎರಡು ಸುತ್ತಿಗೆ ಅಂದರೆ ಕೆಲಸದ ದಿನ, ಶಿಲುಬೆ ಅಂದರೆ ಭಾನುವಾರ ಮತ್ತು ರಜೆ.

ಮೂರನೇ ಪದ "ಸ್ಕೊಲಾಸ್ತಿಕೊ". ಸ್ಕೂಲ್ ಇರುವ ದಿನ ಮಾತ್ರ ಓಡುವ ಬಸ್ಸು. ಸಣ್ಣ ಊರುಗಳ ಬಸ್ಸು ಪ್ರವಾಸಿಗಳಿಗಾಗಿ ಇರುವುದಲ್ಲ ಅನ್ನುವುದನ್ನು ನಾವು ಮರೆಯುತ್ತೇವೆ. ಬೆಳಿಗ್ಗೆ ಮಕ್ಕಳನ್ನು ದೊಡ್ಡ ಊರಿನ ಹೈಸ್ಕೂಲಿಗೆ ಒಯ್ಯುವುದು, ಮಧ್ಯಾಹ್ನ ವಾಪಸ್ ತರುವುದು, ಅದರ ಮುಖ್ಯ ಕೆಲಸ ಅದು. ಅದಕ್ಕೇ ಬೆಳಿಗ್ಗೆಯ ಬಸ್ಸುಗಳು ಹಳ್ಳಿಯಿಂದ ಪಟ್ಟಣದ ಕಡೆಗೆ ಜಾಸ್ತಿ, ನಮಗೆ ಬೇಕಾದ ಪಟ್ಟಣದಿಂದ ಹಳ್ಳಿಯ ಕಡೆಗೆ ಕಡಿಮೆ. ಟಸ್ಕನಿಯಲ್ಲಿ ಸ್ಕೂಲು ಸೆಪ್ಟೆಂಬರ್ ಮಧ್ಯಕ್ಕೆ ಶುರು, ಜೂನ್ ಮೊದಲ ಭಾಗದಲ್ಲಿ ಮುಗಿಯುತ್ತದೆ. ನಮ್ಮವರು ಹೋಗುವುದು ಏಪ್ರಿಲ್-ಮೇಯಲ್ಲಿ ಮಕ್ಕಳ ರಜೆಗೆ, ಇಲ್ಲಾ ದಸರಾ ರಜೆಗೆ, ಆಗ ಅಲ್ಲಿ ಸ್ಕೂಲ್ ಇರುತ್ತದೆ. ಅಷ್ಟರಮಟ್ಟಿಗೆ ನಮ್ಮ ಪುಣ್ಯ. ಜುಲೈನಲ್ಲಿ ಹೋದರೆ ಆ ಕಾಲಮ್ಮುಗಳ ಮೇಲೆಲ್ಲ ಗೀಟು ಹಾಕಿಬಿಡಿ.

ಈಗ ಉಳಿದ ಬಸ್ಸುಗಳನ್ನು ಕೆಳಗಿನಿಂದ ಮೇಲಕ್ಕೆ ಓದಿ. ತಮಾಷೆ ಅಲ್ಲ. ಹೋಗುವ ಬಸ್ಸು ಆಮೇಲೆ ನೋಡೋಣ, ಮೊದಲು ವಾಪಸ್ ಬರುವ ಕೊನೇ ಬಸ್ಸು ಹುಡುಕಿ. ಅದರ ಹಿಂದಿನ ಬಸ್ಸೇ ನಿಮ್ಮ ಬಸ್ಸು, ಕೊನೇದು ಆಪತ್ತಿಗೆ. ಆ ಹಿಂದಿನ ಬಸ್ಸಿನ ಟೈಮಿಗೂ ನೀವು ಊರು ಮುಟ್ಟುವ ಟೈಮಿಗೂ ಮಧ್ಯೆ ನಾಲ್ಕು ಗಂಟೆ ಸಿಕ್ಕರೆ ನೀವೇ ಹೋಗಿ. ಸಿಗದಿದ್ದರೆ ಟೂರ್ ಬುಕ್ ಮಾಡಿ, ಇಲ್ಲಾ ಅಲ್ಲೇ ರಾತ್ರಿ ಉಳಿಯಿರಿ. ನನ್ನ ಇಡೀ ಲೇಖನದ ಲೆಕ್ಕ ಇದೊಂದೇ.

ಉದಾಹರಣೆಗೆ ಸಾನ್ ಜಿಮಿನ್ಯಾನೊಗೆ ರೈಲಿಲ್ಲ. ಫ್ಲಾರೆನ್ಸ್‌ನಿಂದ ಹೋಗುವವರು ಪೊಜ್ಜಿಬೊನ್ಸಿಯಲ್ಲಿ ಬದಲಿಸಿ 130 ನಂಬರಿನ ಬಸ್ಸು ಹಿಡಿಯಬೇಕು. ಸಿಯೆನಾದಿಂದ ಕೆಲವು ಬಸ್ಸು ನೇರ ಹೋಗುತ್ತವೆ, ಕೆಲವಕ್ಕೆ ಪೊಜ್ಜಿಬೊನ್ಸಿಯಲ್ಲೇ ಬದಲಿಸಬೇಕು. ಕೆಲಸದ ದಿನವಾದರೆ ನಾಲ್ಕು ಗಂಟೆಯ ಲೆಕ್ಕ ಆರಾಮಾಗಿ ಸರಿಹೋಗುತ್ತದೆ. ಭಾನುವಾರ ಬಸ್ಸು ಕಡಿಮೆ, ಹಾಗಾಗಿ ಭಾನುವಾರ ಅತ್ತ ಹೋಗಬೇಡಿ, ಒರ್ವಿಯೆತೊಗೆ ಹೋಗಿ.

ಫೋನಿನ ಮ್ಯಾಪ್ ಹೇಳುವ ಬಸ್ಸನ್ನು ಅಷ್ಟಕ್ಕೇ ನಂಬಬೇಡಿ, ಕಂಪನಿಯ ಪಟ್ಟಿ ನೋಡಿ. ಬೇಸಿಗೆಯ ಪಟ್ಟಿ ಬೇರೆ, ಚಳಿಗಾಲದ ಪಟ್ಟಿ ಬೇರೆ. ಟಸ್ಕನಿಯ ಊರಿನಿಂದೂರಿನ ಬಸ್ಸುಗಳೆಲ್ಲ 2021ರ ನವೆಂಬರಿನಿಂದ ಒಂದೇ ಕಂಪನಿಯ ಕೈಗೆ ಬಂದಿವೆ, ಅದಕ್ಕೂ ಹಿಂದಿನ ಬ್ಲಾಗುಗಳಲ್ಲಿರುವ ಕಂಪನಿ ಹೆಸರುಗಳನ್ನು ಹುಡುಕುತ್ತಾ ಕೂರಬೇಡಿ. ಇಳಿದ ತಕ್ಷಣ ವಾಪಸ್ ಹೋಗುವ ಸ್ಟಾಪ್ ರಸ್ತೆಯ ಈ ಬದಿಯೋ ಆ ಬದಿಯೋ ಡ್ರೈವರನ್ನೇ ಕೇಳಿ. ಕಂಡಕ್ಟರ್ ಇರುವುದಿಲ್ಲ. ಸ್ಟಾಪಿನ ಹಾಳೆಯ ಫೋಟೊ ತೆಗೆದುಕೊಳ್ಳಿ. ಆಮೇಲೆ ಊರು ಹತ್ತಿ.

ಇನ್ನು "ಶೋಪೆರೊ". ಮುಷ್ಕರ. ಇಟಲಿಯಲ್ಲಿ ಮುಷ್ಕರವನ್ನು ಮೊದಲೇ ದಿನ ಗೊತ್ತು ಮಾಡಿ ಹೇಳುತ್ತಾರೆ, ಅನೇಕ ಸಲ ಶುಕ್ರವಾರ ಬೀಳುತ್ತದೆ. ಹಿಂದಿನ ರಾತ್ರಿ ಹೋಟೆಲಿನವರನ್ನು ಒಂದು ಮಾತು ಕೇಳಿದರೆ ಸಾಕು. ಕೆಲಸದ ದಿನದ ಮುಷ್ಕರದಲ್ಲೂ ಬೆಳಿಗ್ಗೆ 6ರಿಂದ 9, ಸಂಜೆ 6ರಿಂದ 9 ಅಗತ್ಯದ ಲೋಕಲ್ ರೈಲುಗಳು ಓಡುತ್ತವೆ.

4. ಟಿಕೆಟ್

ಬಸ್ಸಿನ ಟಿಕೆಟ್ಟನ್ನು ಹತ್ತುವ ಮುಂಚೆಯೇ ತಗೊಳ್ಳಿ. "ಟಿ" ಅಕ್ಷರದ ಬೋರ್ಡಿರುವ ಬೀಡಿ-ಸಿಗರೇಟಿನ ಅಂಗಡಿಯಲ್ಲಿ ಸಿಗುತ್ತದೆ. ಹೋಗೋದಕ್ಕೂ ಬರೋದಕ್ಕೂ ಒಟ್ಟಿಗೇ ತಗೊಳ್ಳಿ, ಮಧ್ಯಾಹ್ನ ಆ ಅಂಗಡಿ ಮುಚ್ಚಿರಬಹುದು. ಪೇಪರ್ ಟಿಕೆಟ್ ಆದರೆ ಮೆಷಿನ್ನಿಗೆ ತೂರಿಸಿ ಮುದ್ರೆ ಒತ್ತಿಸಲೇಬೇಕು. ಲೋಕಲ್ ರೈಲಿನ ಪೇಪರ್ ಟಿಕೆಟ್ಟಿಗೆ ಪ್ಲಾಟ್‌ಫಾರ್ಮಿನಲ್ಲೇ ಮೆಷಿನ್ ಇರುತ್ತದೆ, ಫೋನಿನ ಟಿಕೆಟ್ಟಾದರೆ ಚೆಕ್-ಇನ್ ಒತ್ತಿ. ಮರೆತರೆ ದಂಡ. ಟೂರಿಸ್ಟ್ ಅಂತ ಬಿಡುವುದಿಲ್ಲ.

ಲೋಕಲ್ ರೈಲಿಗೆ ತಿಂಗಳ ಮುಂಚೆ ಬುಕ್ ಮಾಡುವ ಅವಶ್ಯಕತೆ ಇಲ್ಲ, ರೇಟು ಅಷ್ಟೇ ಇರುತ್ತದೆ. ಮುಂಚೆ ಮಾಡಿದರೆ ಅಗ್ಗ ಆಗುವುದು ಸ್ಪೀಡ್ ಟ್ರೈನು, ಇಂಟರ್‌ಸಿಟಿಯಂಥ ದೂರದ ರೈಲುಗಳು.

5. ಟೂರೇ ಸರಿ ಅನ್ನಿಸಿದರೆ

ಪಿಯೆಂಜಾ, ಮೊಂತಲ್ಚಿನೊ ಇರುವ ವಾಲ್ ದೋರ್ಚಾ ಕಣಿವೆಗೆ ನಾನು ಕಣ್ಣು ಮುಚ್ಚಿ ಟೂರ್ ಅಂತೀನಿ. ಬಸ್ಸು ಕಡಿಮೆ, ಊರಿನಿಂದೂರಿಗೆ ಜೋಡಣೆ ಇಲ್ಲ, ಮೇಲಾಗಿ ಅಲ್ಲಿ ನೋಡಬೇಕಾದದ್ದು ಊರುಗಳಿಗಿಂತ ಮಧ್ಯದ ದಾರಿ. ಗೋಧಿ ಹೊಲ, ಸೈಪ್ರಸ್ ಮರದ ಸಾಲು, ಒಂಟಿ ಮನೆ. ಕಿಟಕಿ ಸೀಟು ಸಿಕ್ಕರೆ ಬಸ್ಸಿನಲ್ಲಿ ಕೂತಿರುವುದೇ ಪ್ರವಾಸ. ಇಲ್ಲಿ ಚಿಕ್ಕಪ್ಪ ಹೇಳಿದ್ದು ಸರಿ. ಮಂಡಿನೋವಿನವರು, ಪುಟ್ಟ ಮಕ್ಕಳು ಜೊತೆಗಿದ್ದರೂ ಟೂರ್ ವಾಸಿ, ಆದರೆ ಎಂಟು ಜನರ ವ್ಯಾನಿನದು ನೋಡಿ, ಐವತ್ತು ಜನರದ್ದಲ್ಲ. ಐವತ್ತು ಜನ ಬಸ್ಸಿನಿಂದ ಇಳಿಯುವುದಕ್ಕೂ ಟಾಯ್ಲೆಟ್‌ನಲ್ಲಿ ಕ್ಯೂ ನಿಲ್ಲುವುದಕ್ಕೂ ಒಂದು ಊರಿನ ಅರ್ಧ ಸಮಯ ಹೋಗುತ್ತದೆ.

ಬುಕ್ ಮಾಡುವ ಮುಂಚೆ ಜಾಹೀರಾತಿನ ಫೋಟೊ ಬಿಟ್ಟು ಗಂಟೆಗಳನ್ನು ಕೂಡಿ. ಹನ್ನೆರಡು ಗಂಟೆ ಟೂರು, ಅದರಲ್ಲಿ ರಸ್ತೆಯ ಮೇಲೆ ಐದು, ದ್ರಾಕ್ಷಿ ತೋಟದ ಊಟಕ್ಕೆ ಎರಡು. ಉಳಿದ ಐದನ್ನು ಮೂರು ಊರಿಗೆ ಹಂಚಿ. ಸಾನ್ ಜಿಮಿನ್ಯಾನೊದಲ್ಲಿ ಒಂದು ಕಾಲದಲ್ಲಿ 70ಕ್ಕೂ ಮೇಲೆ ಗೋಪುರ ಇದ್ದವಂತೆ, ಈಗ 14 ಉಳಿದಿವೆ. ಒಂದೂವರೆ ಗಂಟೆಯಲ್ಲಿ ಹದಿನಾಲ್ಕನ್ನೂ ಕೆಳಗಿನಿಂದ ಎಣಿಸಬಹುದು, ಒಂದನ್ನು ಹತ್ತುವುದಕ್ಕೆ ಟೈಮ್ ಇರುವುದಿಲ್ಲ.

ಇನ್ನೊಂದು ಕೇಳಿ: ಜೊತೆಗೆ ಬರುವವರು ಲೈಸೆನ್ಸ್ ಇರುವ ಗೈಡಾ, ಇಲ್ಲಾ ಬಸ್ಸಿನಲ್ಲಿ ತಲೆ ಎಣಿಸುವವರಾ? ಎರಡೂ ಬೇರೆ ಬೇರೆ ಕೆಲಸ. ತಲೆ ಎಣಿಸುವವರು ಊರಿನ ಬಾಗಿಲಲ್ಲಿ ಬಿಟ್ಟು "ನಾಲ್ಕೂವರೆಗೆ ಇಲ್ಲೇ" ಅಂದು ಕಾಫಿಗೆ ಹೋಗುತ್ತಾರೆ. ನಾವೇ ಹೋಗಿ ಸ್ಥಳೀಯ ಗೈಡನ್ನು ಎರಡು ಗಂಟೆಗೆ ಇಟ್ಟುಕೊಳ್ಳುವುದು ಎಷ್ಟೋ ಮೇಲು.

ಸಸ್ಯಾಹಾರಿಗಳು ಊಟ ಸೇರಿದ ಟೂರ್ ತಗೊಳ್ಳಲೇಬೇಡಿ. ತಟ್ಟೆಯಲ್ಲಿ ಹಂದಿಮಾಂಸದ ಚೂರು, ಚೀಸು, ಬ್ರೆಡ್ಡು, ವೈನು. "ವೆಜಿಟೇರಿಯನ್" ಅಂತ ಬರೆಸಿದ್ದರೆ ಅದೇ ತಟ್ಟೆಯಿಂದ ಮಾಂಸ ತೆಗೆದು ಕೊಡುತ್ತಾರೆ. ನೀವೇ ಹೋದರೆ ಸಿಯೆನಾ ಸುತ್ತಮುತ್ತ "ಪೀಚಿ ಆಲ್ಯೊನೆ" ಕೇಳಿ, ಕೈಯಲ್ಲಿ ಹೊಸೆದ ದಪ್ಪ ಶಾವಿಗೆ, ಬೆಳ್ಳುಳ್ಳಿ ಟೊಮೆಟೊ ಸಾರು. ನಮ್ಮ ಬಾಯಿಗೆ ಹಿಡಿಸುತ್ತದೆ. ಸೂಪಿಗೆ ಮಾಂಸದ ನೀರು ಹಾಕಿದ್ದಾರಾ ಅಂತ ಮಾತ್ರ ಕೇಳಿಯೇ ತಿನ್ನಿ. ಕಟ್ಟುನಿಟ್ಟಿನವರು ಪೆಕೊರಿನೊ ಚೀಸನ್ನೂ ಬಿಡಿ, ಅದನ್ನು ಹೆಪ್ಪು ಹಾಕುವುದು ಸಾಮಾನ್ಯವಾಗಿ ಕರು ಇಲ್ಲಾ ಕುರಿಮರಿಯ ಹೊಟ್ಟೆಯಿಂದ ತೆಗೆದದ್ದರಲ್ಲಿ. ಮಧ್ಯಾಹ್ನ ಎರಡೂವರೆ ದಾಟಿದರೆ ಅಡುಗೆಮನೆ ಮುಚ್ಚುತ್ತದೆ.

6. ಕಾರು

ಬೇಡ. ಹೋಗಿಯೇ ತೀರುತ್ತೇವೆ ಅನ್ನುವವರು ಇಲ್ಲಿಂದಲೇ ಆರ್‌ಟಿಒದಲ್ಲಿ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಮಾಡಿಸಿಕೊಂಡು ಹೋಗಿ, ನಮ್ಮ ಲೈಸೆನ್ಸ್ ಒಂದೇ ಸಾಲದು. ಹಳೇ ಊರಿನೊಳಗೆ "ಝಡ್‌ಟಿಎಲ್" ಬೋರ್ಡು ಕಂಡರೆ ಅಲ್ಲಿಗೇ ನಿಲ್ಲಿಸಿ. ಸ್ಥಳೀಯರ ಗಾಡಿಗೆ ಮಾತ್ರ ಇರುವ ಜಾಗ ಅದು. ಪೊಲೀಸ್ ಇರಲ್ಲ, ಕ್ಯಾಮೆರಾ ಇರುತ್ತದೆ. ಮ್ಯಾಪು "ನೇರ ಹೋಗಿ" ಅನ್ನುತ್ತದೆ, ನೀವು ನೇರ ಹೋಗುತ್ತೀರಿ, ತಿಂಗಳುಗಟ್ಟಲೆ ಆದಮೇಲೆ ಮನೆಗೆ ದಂಡದ ಕಾಗದ ಬರುತ್ತದೆ. ನಿಮ್ಮ ವಿಳಾಸ ಪೊಲೀಸರಿಗೆ ಕೊಟ್ಟಿದ್ದಕ್ಕೆ ಕಾರು ಬಾಡಿಗೆಯವರು ಬೇರೆ ಚಾರ್ಜ್ ಹಾಕುತ್ತಾರೆ.

7. ಸಾಧ್ಯವಾದರೆ ಒಂದು ರಾತ್ರಿ ಉಳಿಯಿರಿ

ಸಂಜೆ ಐದಕ್ಕೆ ಟೂರ್ ಬಸ್ಸುಗಳು ಇಳಿದು ಹೋಗುತ್ತವೆ. ಆರಕ್ಕೆ ಊರಿನ ಅಜ್ಜಂದಿರು ಕಟ್ಟೆಯ ಮೇಲೆ ಬಂದು ಕೂರುತ್ತಾರೆ, ಮಕ್ಕಳು ಚರ್ಚಿನ ಗೋಡೆಗೆ ಬಾಲ್ ಒದೆಯುತ್ತವೆ. ಹಗಲು ಕಂಡ ಊರು ಇದೇನಾ ಅನ್ನಿಸುತ್ತದೆ. ದೊಡ್ಡ ಸೂಟ್‌ಕೇಸನ್ನು ಫ್ಲಾರೆನ್ಸ್ ಅಥವಾ ರೋಮ್ ಸ್ಟೇಷನ್ನಿನ ಲಗೇಜ್ ರೂಮಿನಲ್ಲಿ ಬಿಟ್ಟು ಒಂದು ಬೆನ್ನುಚೀಲ ತಗೊಂಡು ಹೋಗಿ. ಈ ಊರುಗಳಲ್ಲಿ ಚಕ್ರ ಓಡಲ್ಲ, ಕಲ್ಲು ಹಾಸು, ಮೆಟ್ಟಿಲು.

ಬೆಳಿಗ್ಗೆ ಮೊದಲ ಬಸ್ಸಿಗೆ ಸ್ಟಾಪಿಗೆ ಹತ್ತು ನಿಮಿಷ ಮುಂಚೆ ಹೋಗಿ. ಸ್ಕೂಲ್ ಇರುವ ದಿನವಾದರೆ ಮಕ್ಕಳು ಹಿಂದಿನ ಸೀಟುಗಳನ್ನೆಲ್ಲ ಹಿಡಿದಿರುತ್ತಾರೆ, ನಿಮಗೆ ಡ್ರೈವರ್ ಹಿಂದಿನ ಸೀಟು ಸಿಗಬಹುದು.