ಬಲೂನ್ ಎಳೆಯುವಾಗ ಕೈಗೆ ತಿಳಿಯುವುದು

ಕೊಡಗಿನ ಕಕ್ಕಡ ಮಾಸದ ಮಳೆ. ಬೆಳಿಗ್ಗೆ ಏಳೂವರೆಗೆ ತೋಟದ ಜೀಪಿನಲ್ಲಿ ಐವತ್ತರ ಆಸುಪಾಸಿನ ಹೆಂಗಸೊಬ್ಬರನ್ನು ಕರೆತಂದರು. ಸೋಮವಾರಪೇಟೆ ಕಡೆಯ ಲೈನ್ ಮನೆಯವರು, ಅಂದರೆ ತೋಟದ ಕೆಲಸಗಾರರ ಸಾಲುಮನೆಯವರು. ನಸುಕಿನ ಐದು ಗಂಟೆಗೆ ಎಡಗಾಲು ಇದ್ದಕ್ಕಿದ್ದಂತೆ ನೋಯಲು ಶುರುವಾಗಿದೆ. ಮಗ ಒಲೆ ಮುಂದೆ ಕೂರಿಸಿ, ಬಿಸಿ ಎಣ್ಣೆ ಹಚ್ಚಿ ತಿಕ್ಕಿದ್ದಾನೆ. "ಮಳೆಗೆ ಶೀತ ಹಿಡಿದಿರ್ಬೇಕು ಡಾಕ್ಟ್ರೇ" ಅಂದ.

ಶೀತವಾದರೆ ಎರಡೂ ಕಾಲು ತಣ್ಣಗಾಗಬೇಕು, ಅಲ್ವಾ? ಇವರ ಬಲಗಾಲು ಬೆಚ್ಚಗಿತ್ತು, ಪಾದದ ಮೇಲೆ ನಾಡಿ ಚೆನ್ನಾಗಿ ಬಡಿಯುತ್ತಿತ್ತು. ಎಡಗಾಲು ಮಾತ್ರ ಮೊಣಕಾಲಿನಿಂದ ಕೆಳಗೆ ಬಿಳಿಚಿಕೊಂಡಿತ್ತು, ನಾಡಿಯೇ ಇಲ್ಲ. "ಬೆರಳು ಆಡಿಸಿ ನೋಡೋಣ ಅಮ್ಮ" ಅಂದೆ. ಆಡಿಸಿದರು, ಆದರೆ ನಾನು ಮುಟ್ಟಿದ್ದು ತಿಳಿಯಲಿಲ್ಲ. ಕೈನಾಡಿ ಹಿಡಿದರೆ ತಾಳ ತಪ್ಪಿತ್ತು. ಈಸಿಜಿಯಲ್ಲಿ ಏಟ್ರಿಯಲ್ ಫಿಬ್ರಿಲೇಶನ್. ಹೃದಯದ ಮೇಲಿನ ಕೋಣೆ ಸರಿಯಾಗಿ ಹಿಂಡದೆ ಸುಮ್ನೆ ಅದುರುತ್ತಿರುತ್ತದೆ. ಅಲ್ಲಿ ನಿಂತ ರಕ್ತ ಹೆಪ್ಪುಗಟ್ಟಿ, ಒಂದು ತುಂಡು ಕಳಚಿ ಬಂದು ತೊಡೆಯ ರಕ್ತನಾಳ ಕವಲೊಡೆಯುವ ಜಾಗದಲ್ಲಿ ಸಿಕ್ಕಿಕೊಂಡಿತ್ತು.

ಮೊದಲ ಕೆಲಸ ಹೆಪಾರಿನ್. ಸ್ಟ್ರೆಚರ್ ಮೇಲೆಯೇ 5000 ಯೂನಿಟ್ ಕೊಟ್ಟೆ. ಇದ್ದ ಹೆಪ್ಪು ಅದರಿಂದ ಕರಗುವುದಿಲ್ಲ. ಆದರೆ ಅದರ ಹಿಂದೆ ಮುಂದೆ ಹೊಸದು ಬೆಳೆಯುವುದು ನಿಲ್ಲುತ್ತದೆ.

ಮೈಸೂರಿಗೆ ಕಳಿಸಬೇಕೇ? ಅಲ್ಲಿ ಕ್ಯಾತ್ ಲ್ಯಾಬ್ ಇದೆ, ಸೂಜಿ ತೂತಿನಿಂದಲೇ ಕೊಳವೆ ಹಾಕಿ, ಎಕ್ಸ್-ರೇ ಪರದೆ ನೋಡುತ್ತಾ ಹೆಪ್ಪನ್ನು ಹೀರಿ ತೆಗೆಯುತ್ತಾರೆ. ಆದರೆ ಮಡಿಕೇರಿಯಿಂದಲೇ ಸುಮಾರು 120 ಕಿ.ಮೀ., ಅದೂ ಆ ಮಳೆಯಲ್ಲಿ. ರಕ್ತ ಸಿಗದ ಮಾಂಸಖಂಡ ಸುಮಾರು ಆರು ಗಂಟೆ ತಡೆಯುತ್ತದೆ. ಅದರಲ್ಲಿ ಅರ್ಧ ಮುಗಿಯುತ್ತಾ ಬಂದಿತ್ತು. ಇವರಿಗೆ ತೋಟದ ಏರು ಹತ್ತುವಾಗ ಮೀನಖಂಡ ಎಂದೂ ಹಿಡಿದುಕೊಂಡಿಲ್ಲ. ಅಂದರೆ ರಕ್ತನಾಳ ಬಹುಪಾಲು ಚೆನ್ನಾಗಿದೆ, ಹೆಪ್ಪು ಬೇರೆ ಕಡೆಯಿಂದ ಬಂದದ್ದು. ವರ್ಷಗಟ್ಟಲೆ ಬೀಡಿ ಸೇದಿ, ನಾಲ್ಕು ಹೆಜ್ಜೆಗೆ ಕಾಲು ನೋವು ಅನ್ನುವವರಾಗಿದ್ದರೆ ಹೆಪಾರಿನ್ ಕೊಟ್ಟು ಕಳಿಸಿಯೇ ಬಿಡುತ್ತಿದ್ದೆ. ನಾವು ಹೆಪ್ಪು ಎಳೆದು ತೆಗೆಯುವುದು ಬಲೂನಿನಿಂದ; ಕಿರಿದಾದ ನಾಳದಲ್ಲಿ ಕಣ್ಣಿಗೆ ಕಾಣದೆ ಅದನ್ನು ಎಳೆದರೆ ಒಳಪದರ ಹರಿಯುತ್ತದೆ.

ನಮ್ಮಲ್ಲಿ ಫೋಗಾರ್ಟಿ ಕ್ಯಾತಿಟರ್ ಇತ್ತು, ತುದಿಯಲ್ಲಿ ಪುಟ್ಟ ಬಲೂನ್ ಇರುವ ತೆಳ್ಳನೆಯ ಕೊಳವೆ. ಅಮೆರಿಕದ ಥಾಮಸ್ ಫೋಗಾರ್ಟಿ ವಿದ್ಯಾರ್ಥಿಯಾಗಿದ್ದಾಗಲೇ ಯೋಚಿಸಿದ್ದು. ಸರ್ಜನ್ ಕೈಗವಸಿನ ಬೆರಳ ತುದಿಯನ್ನು ಕೊಳವೆಗೆ ಕಟ್ಟಿ ಮೊದಲ ಬಲೂನ್ ಮಾಡಿದರು, 1963ರಲ್ಲಿ ಅದರ ಬಗ್ಗೆ ಬರೆದರು. ಅದಕ್ಕೆ ಮೊದಲು ಕಾಲನ್ನು ಉದ್ದಕ್ಕೆ ಕೊಯ್ಯಬೇಕಿತ್ತು. ಇಂಥ ಕಾಲಿಗೆ ಈಗಲೂ ನನಗೆ ಇದರಷ್ಟು ನಂಬಿಕೆ ಬೇರೆಯದರ ಮೇಲಿಲ್ಲ.

ತೊಡೆಸಂದಿಗೆ ಮಾತ್ರ ಮರಗಟ್ಟುವ ಇಂಜೆಕ್ಷನ್. ಬೆರಳುದ್ದದ ಕೊಯ್ತ. ನಾಳಕ್ಕೆ ಮೇಲೆ ಕೆಳಗೆ ಕ್ಲಾಂಪ್ ಹಾಕಿ ಸಣ್ಣದಾಗಿ ಕೊಯ್ದು ತೆರೆದೆ. 4ನೇ ಸೈಜಿನ ಕ್ಯಾತಿಟರನ್ನು ಬಲೂನ್ ಮಡಚಿದ ಹಾಗೆಯೇ ಹೆಪ್ಪು ದಾಟಿಸಿ ಕೆಳಗಿಳಿಸಿದೆ. ಆಮೇಲೆ ಸಲೈನ್ ತುಂಬಬೇಕು. ಈ ಬಲೂನ್ ಹಿಡಿಯುವುದೇ ಮುಕ್ಕಾಲು ಎಂ.ಎಲ್. ಸಿರಿಂಜ್ ಒತ್ತುವ ಕೈ, ಕೊಳವೆ ಎಳೆಯುವ ಕೈ ಎರಡೂ ಒಬ್ಬರದೇ ಆಗಿರಬೇಕು, ಇದನ್ನು ಯಾರಿಗೂ ಬಿಟ್ಟುಕೊಡುವುದಿಲ್ಲ ನಾನು. ಎಳೆಯುತ್ತಾ ಬಂದ ಹಾಗೆ ನಾಳ ಅಗಲವಾಗುತ್ತದೆ, ಬಲೂನ್ ಸಡಿಲವಾಯಿತೆಂದು ಬೆರಳಿಗೆ ಗೊತ್ತಾಗುತ್ತದೆ, ಆಗ ಒಂದು ಚೂರು ತುಂಬಬೇಕು. ಬಿಗಿಯಾದರೆ ತಕ್ಷಣ ಸಲೈನ್ ಒಂಚೂರು ವಾಪಸ್ ಎಳೆಯಬೇಕು. ಹೆಬ್ಬೆರಳು ಇಷ್ಟಿಷ್ಟೇ ಮುಂದೆ ಹಿಂದೆ ಆಡುತ್ತದೆ. ಬಲ ಹಾಕುವ ಕೆಲಸವಲ್ಲ.

ಹೊರಬಂದ ಹೆಪ್ಪು ಮಳೆಗಾಲದಲ್ಲಿ ರಕ್ತ ಕುಡಿದು ಉಬ್ಬಿದ ಜಿಗಣೆಯ ಹಾಗಿತ್ತು, ಕಪ್ಪು ಕೆಂಪು, ನುಣುಪು. ಆದರೆ ಕೆಳಗಿನಿಂದ ರಕ್ತ ಹಿಮ್ಮೆಟ್ಟಿ ಬರಲಿಲ್ಲ. ಅಂದರೆ ಇನ್ನೂ ಉಳಿದಿದೆ. 3ನೇ ಸೈಜಿನದನ್ನು ತೆಗೆದುಕೊಂಡು ಮತ್ತೆ ಇಳಿಸಿದೆ. ಮೊಣಕಾಲಿನ ಕೆಳಗಿನಿಂದ ಬಾಲದಂಥ ತುಂಡು ಬಂತು, ಹಿಂದೆಯೇ ರಕ್ತ. ಇನ್ನೊಮ್ಮೆ ಇಳಿಸಿ ಖಾಲಿ ಬಂದ ಮೇಲೆಯೇ ಹೊಲಿಗೆ ಹಾಕಿದ್ದು. ರಕ್ತ ಹರಿಯುವ ಸದ್ದು ಕೇಳಿಸುವ ಡಾಪ್ಲರ್‌ನಲ್ಲಿ ಪಾದದ ಸದ್ದು ಕೇಳಿದಾಗ ಹತ್ತೂಕಾಲು.

ಇಷ್ಟಕ್ಕೇ ಮನೆಗೆ ಹೋಗಲಾಗದು. ರಕ್ತ ವಾಪಸ್ ನುಗ್ಗಿದ ಮಾಂಸಖಂಡ ಊದಿಕೊಂಡರೆ ಮತ್ತೆ ನಾಳವನ್ನೇ ಹಿಸುಕುತ್ತದೆ, ಆಗ ಮಾಂಸಖಂಡದ ಸುತ್ತಲಿನ ಪೊರೆ ಸೀಳಿ ಬಿಡಿಸಬೇಕು. ಹಾಳಾದ ಮಾಂಸಖಂಡದ ಕಶ್ಮಲ ರಕ್ತಕ್ಕೆ ಸೇರಿ ಮೂತ್ರ ಕಂದು ಬಣ್ಣವಾದರೆ ಕಿಡ್ನಿಗೆ ತೊಂದರೆ. ರಾತ್ರಿಯಿಡೀ ಗಂಟೆಗೊಮ್ಮೆ ಮೀನಖಂಡ ಒತ್ತಿ ನೋಡಿದೆವು. ಮೆತ್ತಗೇ ಇತ್ತು.

ಈಗ ಅವರಿಗೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಮಾತ್ರೆ. ರಕ್ತ ಎಷ್ಟು ನಿಧಾನಕ್ಕೆ ಹೆಪ್ಪುಗಟ್ಟುತ್ತದೆ ಎಂದು ಹೇಳುವ ಐಎನ್ಆರ್ ಅಳತೆ 2ರಿಂದ 3ರೊಳಗೆ ಇರಬೇಕು. ಬಸ್ ತಪ್ಪಿ ಒಮ್ಮೆ ಪರೀಕ್ಷೆ ತಪ್ಪಿತು. ಈಗ ರಕ್ತ ಕೊಡುವ ದಿನ ತೋಟದ ಜೀಪಿನಲ್ಲೇ ಬರುತ್ತಾರೆ. ಹೋದ ಸಲ 2.4 ಇತ್ತು.